‘ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’

ರಜೆ ಬಂತೆಂದರೆ ಮಕ್ಕಳ ಬಾಯಲ್ಲಿ ಒಂದೇ ಜಪ: ‘ವಂಡರ್‌ಲಾಗೆ ಯಾವಾಗ ಹೋಗೋದು?’ ಯಜಮಾನರು ರಜೆ ಹಾಕಿದ್ದಾಯಿತು, ನಾದಿನಿಯ ಮಕ್ಕಳೂ ಸೇರಿಕೊಂಡಿದ್ದಾಯಿತು, ಬೆಳಿಗ್ಗೆ ಐದಕ್ಕೇ ಎದ್ದು ನೀವು ಚಿತ್ರಾನ್ನ ಕಲಸಿದ್ದೂ ಆಯಿತು. ಕೊನೆಗೆ ಉಳಿಯುವ ಪ್ರಶ್ನೆ ಒಂದೇ. ಮಂಡಿ ನೋವಿನ ಅತ್ತೆಯನ್ನು ಏನು ಮಾಡೋದು? ಪಾರ್ಶ್ವವಾಯುವಾಗಿ ಎಡಗಾಲು ಎಳೆದು ನಡೆಯುವ ಅಪ್ಪನನ್ನು? ಪೋಲಿಯೋ ಆಗಿದ್ದ ಚಿಕ್ಕಮ್ಮನನ್ನು?

ಅವರೇ ನಮಗೆ ಕಷ್ಟ ಕೊಡುವುದಿಲ್ಲ. ‘ನೀವು ಹೋಗ್ಬನ್ನಿ, ನಾನು ಮನೇಲೇ ಇರ್ತೀನಿ’ ಅಂದುಬಿಡುತ್ತಾರೆ. ಬಲವಂತ ಮಾಡಿ ಕರೆದುಕೊಂಡು ಹೋದರೂ ಗೇಟಿನ ಒಳಗೆ ಮೊದಲು ಕಂಡ ಬೆಂಚಿನ ಮೇಲೆ ಕೂತು, ‘ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ’ ಅನ್ನುತ್ತಾರೆ. ಅಲ್ಲಿಗೆ ಮನೆಮಂದಿಯ ಚಪ್ಪಲಿ, ಪರ್ಸು, ಮೊಬೈಲು, ಒದ್ದೆ ಟವೆಲ್ಲು ಎಲ್ಲಾ ಅವರ ಮಡಿಲಿಗೆ. ಸಂಜೆಯವರೆಗೆ ಅವರದು ಬ್ಯಾಗ್ ಕಾಯುವ ಕೆಲಸ. ಪೂರ್ತಿ ಟಿಕೆಟ್ ಕೊಟ್ಟು ಒಳಗೆ ಬಂದವರು ಕ್ಲೋಕ್ ರೂಮ್ ಆಗಿಬಿಡುತ್ತಾರೆ!

ಇಂದು ಈ ಮಾತನ್ನು ಅತ್ತೆ, ಅಮ್ಮ ಹೇಳುತ್ತಿರಬಹುದು. ಆದರೆ ನಲವತ್ತೈದು ದಾಟಿದ ನಮ್ಮಲ್ಲಿ ಎಷ್ಟು ಜನ ಆಗಲೇ ಇದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ, ಯೋಚಿಸಿ. ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತದೆ, ಹಿಮ್ಮಡಿ ಚುಚ್ಚುತ್ತದೆ, ಬೆನ್ನು ಸೆಳೆಯುತ್ತದೆ. ಹೇಳಿದರೆ ಎಲ್ಲರ ಖುಷಿ ಹಾಳಾಗುತ್ತದಲ್ಲ ಅಂತ ಬಾಯಿ ಮುಚ್ಚಿಕೊಂಡು ಬ್ಯಾಗ್ ತೆಗೆದುಕೊಳ್ಳುತ್ತೇವೆ. ಈ ತ್ಯಾಗ ಯಾರಿಗೂ ಬೇಕಿಲ್ಲ. ಸ್ವಲ್ಪ ಮುಂದಾಲೋಚನೆ, ಒಂದು ಫೋನ್ ಕರೆ, ಸಂಕೋಚ ಬಿಟ್ಟು ಕೇಳುವ ಬಾಯಿ ಇದ್ದರೆ ನಡೆಯಲು ಕಷ್ಟವಿರುವವರೂ ಥೀಮ್ ಪಾರ್ಕ್‌ನಲ್ಲಿ ದಿನ ಕಳೆಯಬಹುದು. ಬೆಂಚಿನ ಮೇಲಲ್ಲ, ನಿಮ್ಮ ಜೊತೆಗೇ.

ಮೊದಲು ಅವರನ್ನೇ ಕೇಳಿ

ಸಾಮಾನ್ಯವಾಗಿ ನಾವು ಮಾಡುವುದೇನು? ‘ಅವರಿಗೆ ಆಗಲ್ಲ ಬಿಡಿ’ ಅಂತ ನಾವೇ ತೀರ್ಮಾನಿಸಿಬಿಡುತ್ತೇವೆ. ಅದರ ಬದಲು ಹಿಂದಿನ ವಾರವೇ ಪಕ್ಕದಲ್ಲಿ ಕೂತು ಕೇಳಿ. ‘ಅಮ್ಮಾ, ಒಂದೇ ಸಮನೆ ಎಷ್ಟು ಹೊತ್ತು ನಡೀಬಹುದು? ಎಷ್ಟು ಹೊತ್ತು ನಿಲ್ಲಬಹುದು? ಮೆಟ್ಟಿಲು ಹತ್ತೋದು ಕಷ್ಟಾನೋ, ಇಳಿಯೋದು ಕಷ್ಟಾನೋ?’ ಈ ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ಬರುತ್ತದೆ. ಹತ್ತು ನಿಮಿಷ ಆರಾಮಾಗಿ ನಡೆಯುವವರಿಗೆ ಐದು ನಿಮಿಷ ಕ್ಯೂನಲ್ಲಿ ನಿಲ್ಲಲು ಆಗದಿರಬಹುದು. ಮಂಡಿ ಸವೆದವರಲ್ಲಿ ಹಲವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಪ್ರಾಣಸಂಕಟ. ಇದು ಗೊತ್ತಾದರೆ ಅರ್ಧ ಸಮಸ್ಯೆ ಮನೆಯಲ್ಲೇ ಬಗೆಹರಿದಂತೆ.

ಇನ್ನೊಂದು ಪ್ರಶ್ನೆಯನ್ನು ಮರೆಯಬೇಡಿ: ‘ನಿನಗೆ ಅಲ್ಲಿ ಏನು ಇಷ್ಟ?’ ಕೆಲವರಿಗೆ ನೀರು, ಕೆಲವರಿಗೆ ಸಂಗೀತ, ಮ್ಯಾಜಿಕ್ ಶೋ. ಕೆಲವರಿಗೆ ಮೊಮ್ಮಗಳು ಜೈಂಟ್ ವ್ಹೀಲ್‌ನಿಂದ ಕೈಬೀಸುವುದನ್ನು ನೋಡುವುದೇ ಹಬ್ಬ. ನಿಜವಾಗಿಯೂ ಮನೆಯಲ್ಲಿ ಇರುವುದೇ ಇಷ್ಟ ಅಂದರೆ ಅದನ್ನೂ ಗೌರವಿಸಿ. ಇಷ್ಟವಿಲ್ಲದೆ ಉಳಿಯುವುದಕ್ಕೂ ‘ನಾನು ಭಾರ ಆಗ್ತೀನಿ’ ಅಂದುಕೊಂಡು ಉಳಿಯುವುದಕ್ಕೂ ವ್ಯತ್ಯಾಸವಿದೆ. ದಿನವೂ ಅವರ ಮುಖ ನೋಡುವ ನಿಮಗೆ ಅದು ತಿಳಿಯದೇ ಇರುವುದಿಲ್ಲ.

ಟಿಕೆಟ್‌ಗೆ ಮೊದಲು ಫೋನ್

ಬಿಡದಿ ಬಳಿಯ ವಂಡರ್‌ಲಾ 2005ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆ ಥೀಮ್ ಪಾರ್ಕ್ ಅಂದರೆ ಅದೇ ಅನ್ನುವಂತಾಗಿದೆ. ಮೈಸೂರಿನವರಿಗೆ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಕೊಚ್ಚಿ, ಹೈದರಾಬಾದ್‌ಗೆ ಪ್ರವಾಸ ಹೋದಾಗಲೂ ಮಕ್ಕಳು ಇಂಥ ಜಾಗಕ್ಕೇ ಎಳೆಯುತ್ತಾರೆ. ಎಲ್ಲಿಗೆ ಹೋದರೂ ಜಾಹೀರಾತಿನಲ್ಲಿ ಎಷ್ಟು ರೈಡ್ ಇದೆ ಎಂದಿರುತ್ತದೆಯೇ ಹೊರತು ಎಷ್ಟು ಮೆಟ್ಟಿಲಿದೆ ಎಂದು ಇರುವುದಿಲ್ಲ. ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲು ಪಾರ್ಕ್‌ಗೆ ಫೋನ್ ಮಾಡಿ ಇಷ್ಟನ್ನು ಕೇಳಿಕೊಳ್ಳಿ:

* ಒಳಗೆ ವೀಲ್‌ಚೇರ್ ಸಿಗುತ್ತದೆಯೇ? ಬಾಡಿಗೆ ಎಷ್ಟು? ಮೊದಲೇ ಹೇಳಿಡಬೇಕೇ?
* ಪಾರ್ಕಿಂಗ್‌ನಿಂದ ಗೇಟಿಗೆ ಎಷ್ಟು ದೂರ? ಕಾರು ಗೇಟಿನ ಹತ್ತಿರ ತಂದು ಅವರನ್ನು ಇಳಿಸಬಹುದೇ?
* ಯಾವ ಯಾವ ರೈಡ್‌ಗೆ ಮೆಟ್ಟಿಲು ಹತ್ತಬೇಕು? ಎಲ್ಲಿ ಲಿಫ್ಟ್ ಅಥವಾ ಇಳಿಜಾರು ದಾರಿ ಇದೆ?
* ಕ್ಯೂನಲ್ಲಿ ನಿಲ್ಲಲಾಗದವರಿಗೆ ಬೇರೆ ದಾರಿ ಇದೆಯೇ? ಜೊತೆಗೆ ಎಷ್ಟು ಜನ ಹೋಗಬಹುದು?
* ಹಿಡಿದುಕೊಳ್ಳಲು ಕಂಬಿ ಇರುವ ವೆಸ್ಟರ್ನ್ ಟಾಯ್ಲೆಟ್ ಎಲ್ಲೆಲ್ಲಿದೆ?
* 60 ದಾಟಿದವರಿಗೆ, ವಿಕಲಚೇತನರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆಯೇ? ಯಾವ ದಾಖಲೆ ತರಬೇಕು?

ಫೋನ್ ಎತ್ತಿದವರು ‘ಎಲ್ಲಾ ವ್ಯವಸ್ಥೆ ಇದೆ ಮೇಡಂ, ಬನ್ನಿ’ ಅಂದರೆ ಅಷ್ಟಕ್ಕೇ ಇಟ್ಟುಬಿಡಬೇಡಿ. ‘ವ್ಯವಸ್ಥೆ ಅಂದ್ರೆ ಏನೇನು?’ ಅಂತ ಕೇಳಿ. ತರಕಾರಿ ಕೊಳ್ಳುವಾಗ ಬೆಂಡೆಕಾಯಿ ತುದಿ ಮುರಿದು ನೋಡುವ ನಮಗೆ ಇದು ಕಷ್ಟವೇ? ಮಾತನಾಡಿದವರ ಹೆಸರು, ದಿನ ಬರೆದಿಟ್ಟುಕೊಳ್ಳಿ. ಗೇಟಿನಲ್ಲಿ ‘ಯಾರು ಹೇಳಿದ್ದು?’ ಅಂದಾಗ ಕೆಲಸಕ್ಕೆ ಬರುತ್ತದೆ.

ಹೋಗುವ ದಿನವೂ ಮುಖ್ಯ. ಶನಿವಾರ, ಭಾನುವಾರ, ದಸರಾ ರಜೆ, ಬೇಸಿಗೆ ರಜೆಯಲ್ಲಿ ಆರೋಗ್ಯವಂತರೇ ಸುಸ್ತಾಗುವಷ್ಟು ಕ್ಯೂ ಇರುತ್ತದೆ. ಒಂದು ದಿನ ಶಾಲೆ ತಪ್ಪಿದರೂ ಪರವಾಗಿಲ್ಲ ಅನ್ನುವ ವಾರದ ಮಧ್ಯದ ದಿನ ಹುಡುಕಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.

ವೀಲ್‌ಚೇರ್ ಅಂದರೆ ಸೋಲಲ್ಲ

ನಮ್ಮ ಹಿರಿಯರದು ಒಂದು ತಮಾಷೆ ಇದೆ. ಮಗನ ಮನೆಗೆ ಅಮೆರಿಕಕ್ಕೆ ಹೊರಟಾಗ ಏರ್‌ಪೋರ್ಟ್‌ನಲ್ಲಿ ವೀಲ್‌ಚೇರ್ ಕೇಳಿ ಪಡೆದು ಆರಾಮಾಗಿ ಕೂರುತ್ತಾರೆ. ಆದರೆ ಪಾರ್ಕ್‌ನಲ್ಲಿ ಕೂರಿ ಅಂದರೆ ‘ಅಯ್ಯೋ, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ನಂಗೇನು ಕಾಲಿಲ್ವಾ?’ ಅನ್ನುತ್ತಾರೆ. ಏರ್‌ಪೋರ್ಟ್‌ನಲ್ಲಿ ಅದು ಸೌಕರ್ಯ, ಪಾರ್ಕ್‌ನಲ್ಲಿ ಅವಮಾನ!

ಇದನ್ನು ನಯವಾಗಿ ಬಿಡಿಸಿ ಹೇಳಬೇಕು. ವೀಲ್‌ಚೇರ್ ಇರುವುದು ನಡೆಯಲು ಬಾರದವರಿಗೆ ಮಾತ್ರವಲ್ಲ, ಇರುವ ಶಕ್ತಿಯನ್ನು ಬೇಕಾದ ಕಡೆ ಖರ್ಚು ಮಾಡುವವರಿಗೂ ಹೌದು. ಗೇಟಿನಿಂದ ಮೊದಲ ರೈಡ್‌ವರೆಗೆ ನಡೆದೇ ಕಾಲು ಸೋತರೆ ರೈಡ್‌ಗೆ ಉಳಿಯುವುದೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ದುಡ್ಡಿಗಷ್ಟೇ ಅಲ್ಲ, ಕಾಲಿಗೂ ಅನ್ವಯಿಸುವ ಮಾತು. ದೂರದ ದಾರಿಗೆ ಕುರ್ಚಿ, ಹತ್ತಿರಕ್ಕೆ ನಡಿಗೆ. ಬೇಡ ಅನ್ನಿಸಿದಾಗ ಎದ್ದು ನಡೆಯಲಿ, ಕುರ್ಚಿಯ ಮೇಲೆ ಬ್ಯಾಗ್ ಇಡಿ. ಬ್ಯಾಗ್ ಕಾಯುವ ಕೆಲಸ ಕುರ್ಚಿಯದ್ದಾಗಲಿ!

ಪಾರ್ಕ್‌ನಲ್ಲಿ ಸಿಗದಿದ್ದರೆ ದೊಡ್ಡ ಊರುಗಳಲ್ಲಿ ಮೆಡಿಕಲ್ ಸಲಕರಣೆ ಮಾರುವ ಅಂಗಡಿಗಳಲ್ಲಿ ಮಡಚುವ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ. ತರುವ ಮೊದಲು ನಿಮ್ಮ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ, ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆಯೇ, ಪಾದ ಇಡುವ ಹಲಗೆ ಸರಿಯಿದೆಯೇ ನೋಡಿ. ಊರುಗೋಲು ಬಳಸುವವರಾದರೆ ಅದರ ತುದಿಯ ರಬ್ಬರ್ ಸವೆದಿದೆಯೇ ಎಂದು ಹೊರಡುವ ಮುನ್ನವೇ ಪರೀಕ್ಷಿಸಿ. ಒದ್ದೆ ನೆಲದ ಮೇಲೆ ಸವೆದ ರಬ್ಬರ್ ಎಂದರೆ ಸಾಬೂನಿನ ಮೇಲೆ ಕಾಲಿಟ್ಟಂತೆ. ಅದೇ ಅಂಗಡಿಯಲ್ಲಿ ಹೊಸದು ಕಡಿಮೆ ಬೆಲೆಗೆ ಸಿಗುತ್ತದೆ.

ಕುರ್ಚಿಯ ಅಭ್ಯಾಸವೇ ಇಲ್ಲದವರಾದರೆ ಮೊದಲು ಒಂದು ಸಣ್ಣ ತಾಲೀಮು ಮಾಡಿ. ಬ್ಯಾಟರಿ ವಾಹನದ ಸೌಲಭ್ಯವಿರುವ ಲಾಲ್‌ಬಾಗ್‌ಗೋ ಮೈಸೂರಿನ ಮೃಗಾಲಯಕ್ಕೋ ಅರ್ಧ ದಿನ ಹೋಗಿ ಬನ್ನಿ. ಅವರಿಗೂ ಧೈರ್ಯ ಬರುತ್ತದೆ, ತಳ್ಳುವವರಿಗೂ ಕೈ ಪಳಗುತ್ತದೆ.

‘ಬೇಡ’ ಅಂದಾಗ

ರೈಡ್ ಹತ್ತಿರ ನಿಂತ ಹುಡುಗ ‘ಇವರು ಹತ್ತುವಂತಿಲ್ಲ’ ಅಂದರೆ ನಮಗೆ ಸಿಟ್ಟು ಬರುವುದು ಸಹಜ. ಆದರೆ ಕೆಲವು ‘ಬೇಡ’ಗಳಿಗೆ ಕಾರಣವಿದೆ. ರೈಡ್ ಮೇಲೆ ಹೋದಾಗ ಕರೆಂಟ್ ಕೈಕೊಟ್ಟರೆ ಕಿರಿದಾದ ಏಣಿಯಲ್ಲಿ ಇಳಿದು ಬರಬೇಕಾಗಬಹುದು. ಜೋರಾಗಿ ಎತ್ತಿ ಬಿಸಾಡುವ ರೈಡ್‌ಗಳಲ್ಲಿ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿಯುವ, ಕಾಲೂರಿ ಕೂರುವ ಶಕ್ತಿ ಬೇಕು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಕತ್ತು-ಬೆನ್ನಿನ ನೋವು, ಇತ್ತೀಚೆಗೆ ಆದ ಆಪರೇಷನ್, ಗರ್ಭಿಣಿಯರು... ಇವರಿಗೆ ಇಂಥ ರೈಡ್ ಸಲ್ಲದು. ಮುಟ್ಟು ನಿಂತ ಮೇಲೆ ನಮ್ಮ ಮೂಳೆಗಳು ಟೊಳ್ಳಾಗುತ್ತಾ ಬರುತ್ತವೆ. ಮೂಳೆ ಸವೆತ ಇದೆ ಎಂದು ಡಾಕ್ಟರ್ ಹೇಳಿದ್ದರೆ ಒಂದು ಜೋರಾದ ಜರ್ಕ್‌ಗೆ ಬೆನ್ನುಮೂಳೆಯೇ ಬಿರುಕು ಬಿಡಬಹುದು. ಮಂಡಿ ಬದಲಿಸಿಕೊಂಡವರು ಹೊರಡುವ ಮುಂಚೆ ತಮ್ಮ ಸರ್ಜನ್‌ರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಆದರೆ ಎಲ್ಲಾ ‘ಬೇಡ’ವೂ ಒಂದೇ ಅಲ್ಲ. ನಿಧಾನಕ್ಕೆ ಸುತ್ತುವ ಕುದುರೆ ಚಕ್ರಕ್ಕೂ, ಸುಮ್ಮನೆ ಕೂತು ನೋಡುವ ಥ್ರೀಡಿ ಶೋಗೂ ‘ವೀಲ್‌ಚೇರ್‌ನವರು ಬೇಡ’ ಅಂದರೆ ಅದು ಸುರಕ್ಷತೆಯಲ್ಲ, ಸೋಮಾರಿತನ. ಆಗ ಕೂಗಾಡುವ ಬದಲು ಎರಡು ಪ್ರಶ್ನೆ ಕೇಳಿ: ‘ಯಾವ ನಿಯಮದ ಪ್ರಕಾರ ಬೇಡ? ಅದನ್ನ ಎಲ್ಲಿ ಬರೆದಿದೆ ತೋರಿಸ್ತೀರಾ?’ ಮ್ಯಾನೇಜರ್‌ರನ್ನು ಕರೆಸಿ. ಮುಖ್ಯವಾಗಿ, ಕುರ್ಚಿಯಲ್ಲಿ ಕೂತವರ ತಲೆಯ ಮೇಲಿಂದ ನೀವು ಮಾತಾಡಬೇಡಿ. ‘ಇವರಿಗೆ ಆಗುತ್ತಾ?’ ಅಂತ ಆ ಹುಡುಗ ನಿಮ್ಮನ್ನು ಕೇಳಿದರೆ, ‘ಅವರನ್ನೇ ಕೇಳಪ್ಪಾ’ ಅನ್ನಿ.

ನೀರು, ಬಟ್ಟೆ, ಟಾಯ್ಲೆಟ್

ನಡೆಯಲು ಕಷ್ಟವಿರುವವರಿಗೆ ನೀರು ಆಗದು ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ದೇಹದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೆಲದ ಮೇಲೆ ನರಳುವ ಮಂಡಿ ನೀರಿನಲ್ಲಿ ಹಗುರಾಗುತ್ತದೆ. ಎಷ್ಟೋ ವರ್ಷದಿಂದ ಕುಣಿಯದ ಅಮ್ಮ ನೀರಿನಲ್ಲಿ ಎರಡು ಹೆಜ್ಜೆ ಹಾಕಿದರೂ ಹಾಕಬಹುದು!

ಅಪಾಯ ಇರುವುದು ನೀರಿಗಿಂತ ಹೆಚ್ಚಾಗಿ ನೀರಿಗೆ ಹೋಗುವ ದಾರಿಯಲ್ಲಿ. ಒದ್ದೆ ಟೈಲ್ಸ್, ಕಂಬಿಯಿಲ್ಲದ ಮೆಟ್ಟಿಲು, ಓಡಿಬಂದು ಡಿಕ್ಕಿ ಹೊಡೆಯುವ ಮಕ್ಕಳು. ಇಳಿಯುವಾಗ ಒಬ್ಬರು ಮುಂದೆ, ಒಬ್ಬರು ಪಕ್ಕದಲ್ಲಿ ಇರಿ. ಅಲೆಗಳ ಕೊಳದಲ್ಲಿ ಅಲೆ ಏಳುವಾಗ ಆಳಕ್ಕೆ ಕರೆದೊಯ್ಯಬೇಡಿ, ವಾಪಸ್ ಸೆಳೆಯುವ ನೀರು ಕಾಲನ್ನು ಕಿತ್ತುಬಿಡುತ್ತದೆ.

ಬಟ್ಟೆಯ ವಿಷಯ ಮೊದಲೇ ಹೇಳಿಬಿಡಿ. ಹೆಚ್ಚಿನ ಪಾರ್ಕ್‌ಗಳಲ್ಲಿ ಸೀರೆ, ಹತ್ತಿ ಚೂಡಿದಾರ್‌ನಲ್ಲಿ ಕೊಳಕ್ಕೆ ಇಳಿಯಲು ಬಿಡುವುದಿಲ್ಲ, ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು. ಗೇಟಿನ ಒಳಗೆ ಹೋದ ಮೇಲೆ ಇದು ಗೊತ್ತಾದರೆ ಅತ್ತೆ ಮತ್ತೆ ಬೆಂಚಿಗೇ ಹೋಗುತ್ತಾರೆ. ಮೊಣಕೈವರೆಗೆ ತೋಳು, ಹಿಮ್ಮಡಿವರೆಗೆ ಕಾಲು ಮುಚ್ಚುವಂಥ ಉಡುಪೂ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲೇ ಒಮ್ಮೆ ಹಾಕಿ ನೋಡಲಿ. ಬಗ್ಗಲು ಆಗದವರಿಗೆ ಒದ್ದೆ ಲೈಕ್ರಾ ಬಿಚ್ಚುವುದು ದೊಡ್ಡ ಸರ್ಕಸ್. ಬಟ್ಟೆ ಬದಲಿಸುವ ಕೋಣೆಗೆ ಸೊಸೆಯೋ ಮಗಳೋ ಜೊತೆಗೆ ಹೋಗಿ.

ಹೇಳಲು ನಾಚುವ ಇನ್ನೊಂದು ಮಾತು. ಹೊರಗೆ ಹೋಗುವ ದಿನ ನಮ್ಮ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತಾರೆ. ಟಾಯ್ಲೆಟ್ ಎಲ್ಲಿರುತ್ತೋ, ಕೂತರೆ ಏಳಲಾಗುತ್ತೋ ಎಂಬ ಭಯ. ಬಿಸಿಲಿನಲ್ಲಿ ದಿನವಿಡೀ ನೀರು ಕುಡಿಯದಿದ್ದರೆ ತಲೆಸುತ್ತು, ಉರಿಮೂತ್ರ ಎರಡೂ ಗ್ಯಾರಂಟಿ. ಒಳಗೆ ಹೋದ ಕೂಡಲೇ ರೈಡ್‌ಗಿಂತ ಮೊದಲು ಅವರಿಗೆ ಸರಿಹೊಂದುವ ಟಾಯ್ಲೆಟ್ ತೋರಿಸಿ. ಆಮೇಲೆ ಅವರೇ ಧೈರ್ಯವಾಗಿ ನೀರು ಕುಡಿಯುತ್ತಾರೆ.

ಪಾಳಿ ಹಾಕಿ

ಮನೆಮಂದಿಯೆಲ್ಲಾ ಒಟ್ಟಿಗೆ ಹೋದಾಗ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದೇ ಹೆಚ್ಚು. ಅದಕ್ಕೆ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮೊದಲು ಎಲ್ಲರೂ ಸೇರಿ ಹಿರಿಯರಿಗೆ ಆಗುವಂಥ ಎರಡು-ಮೂರು ಕಡೆ. ಮಧ್ಯಾಹ್ನ ಮಕ್ಕಳ ಜೋರು ರೈಡ್. ಆಗ ಹಿರಿಯರು ಊಟ ಮಾಡಿ ನೆರಳಿನಲ್ಲಿ ಕಾಲು ಚಾಚಿ ಕೂರಲಿ, ಆದರೆ ಒಬ್ಬರೇ ಅಲ್ಲ. ಗಂಟೆಗೊಬ್ಬರಂತೆ ಪಾಳಿ ಹಾಕಿ. ಯಜಮಾನರೂ ಪಾಳಿಯಲ್ಲಿರಲಿ, ಹದಿನೈದರ ಮಗನೂ ಇರಲಿ. ಇಲ್ಲದಿದ್ದರೆ ಅತ್ತೆಯ ಜೊತೆಗೆ ಬೆಂಚಿನ ಮೇಲೆ ಕೂರುವ ಎರಡನೆಯವರು ಯಾರು ಹೇಳಿ? ನೀವೇ! ಬ್ಯಾಗ್‌ಗಳಿಗೆ ಲಾಕರ್ ಬಾಡಿಗೆ ಕೊಡಿ, ಒಂದು ಪ್ಲೇಟ್ ತಿಂಡಿ ಕಡಿಮೆಯಾದರೂ ಚಿಂತೆಯಿಲ್ಲ.

ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ

ಬಾಣಂತನಕ್ಕೆಂದು ಹೋದ ಅಮ್ಮಂದಿರನ್ನು ಮಕ್ಕಳು ಡಿಸ್ನಿಗೆ ಕರೆದೊಯ್ಯದೇ ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾದದ್ದು. ಅಲ್ಲಿ ಗೇಟಿನ ಬಳಿಯೇ ವೀಲ್‌ಚೇರ್, ಬ್ಯಾಟರಿ ಸ್ಕೂಟರ್ ಬಾಡಿಗೆಗೆ ಸಿಗುತ್ತವೆ. ಯಾವ ರೈಡ್‌ನಲ್ಲಿ ಕುರ್ಚಿಯಲ್ಲೇ ಕೂತಿರಬಹುದು, ಯಾವುದಕ್ಕೆ ಎದ್ದು ಸೀಟಿಗೆ ಬದಲಾಯಿಸಿಕೊಳ್ಳಬೇಕು ಎಂಬ ಮಾಹಿತಿಯನ್ನು ಮೊದಲೇ ಕೊಟ್ಟಿರುತ್ತಾರೆ. ಗೊಂಬೆಗಳ ನಡುವೆ ದೋಣಿಯಲ್ಲಿ ಸಾಗುವ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ನಲ್ಲಿ ವೀಲ್‌ಚೇರ್ ಸಮೇತ ಹತ್ತಬಹುದಾದ ದೋಣಿಯೂ ಇದೆ.

ಒಂದು ವಿಷಯ ತಿಳಿದಿರಲಿ. ಕ್ಯೂನಲ್ಲಿ ನಿಲ್ಲದೆ ಹೋಗಲು ಅಲ್ಲಿ ಕೊಡುತ್ತಿದ್ದ ವಿಶೇಷ ಪಾಸ್‌ನ ನಿಯಮವನ್ನು 2024ರಲ್ಲಿ ಬಿಗಿ ಮಾಡಿದ್ದಾರೆ. ಈಗ ಅದು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ಸಮಸ್ಯೆ ಇರುವವರಿಗೆ. ಮಂಡಿ ನೋವಿನವರು ಕುರ್ಚಿಯಲ್ಲಿ ಕೂತೇ ಸರದಿಯಲ್ಲಿ ಸಾಗಬೇಕು. ಹಳೆಯ ಸಲಹೆ ಕೇಳಿ ಹೋಗಿ ಬೇಸರಪಡುವುದು ಬೇಡ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಕಡೆ ಮಕ್ಕಳಿದ್ದರೆ ಮಾರ್ಗನ್ಸ್ ವಂಡರ್‌ಲ್ಯಾಂಡ್ ನೋಡಿ ಬನ್ನಿ. ಅದರ ಹಿಂದೊಂದು ಕತೆಯಿದೆ. ಗಾರ್ಡನ್ ಹಾರ್ಟ್‌ಮನ್ ಎಂಬ ಮನೆ ಕಟ್ಟುವ ಉದ್ಯಮಿಗೆ ಮಾರ್ಗನ್ ಎಂಬ ವಿಕಲಚೇತನ ಮಗಳು. ಒಮ್ಮೆ ಪ್ರವಾಸದಲ್ಲಿ ಈಜುಕೊಳದಲ್ಲಿದ್ದ ಮಕ್ಕಳ ಜೊತೆ ಆಡಲು ಅವಳು ಹೋದಳು, ಅವರು ಎದ್ದು ಹೊರಟುಬಿಟ್ಟರು. ಅಪ್ಪನ ಕರುಳು ಚುರ್ ಅಂದಿತು. ಎಲ್ಲರೂ ಒಟ್ಟಿಗೆ ಆಡುವಂಥ ಪಾರ್ಕ್ ಎಲ್ಲಿದೆ ಎಂದು ಹುಡುಕಿ, ಸಿಗದೆ, ತಾನೇ ಕಟ್ಟಿಸಿದ. 2010ರಲ್ಲಿ ಅದು ತೆರೆಯಿತು. ವೀಲ್‌ಚೇರ್ ಸಮೇತ ಹತ್ತುವ ಉಯ್ಯಾಲೆ, ಕುದುರೆ ಚಕ್ರ ಅಲ್ಲಿವೆ. 2017ರಲ್ಲಿ ನೀರಿನ ಪಾರ್ಕ್ ಸೇರಿತು, ಅಲ್ಲಿ ನೀರಿಗೆ ಇಳಿಸಬಹುದಾದ, ಒತ್ತಡದ ಗಾಳಿಯಿಂದ ಓಡುವ ಕುರ್ಚಿಗಳಿವೆ. ವಿಕಲಚೇತನರಿಗೆ ಪ್ರವೇಶ ಉಚಿತ.

ಕೇಳುವ ಹಕ್ಕು ನಮಗಿದೆ

‘ಅದು ಅಮೆರಿಕ ಬಿಡಿ’ ಅನ್ನಬೇಡಿ. ನಮ್ಮಲ್ಲೂ ಕಾನೂನು ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಜನ ಬಳಸುವ ಕಟ್ಟಡ ಸರ್ಕಾರದ್ದಾಗಲಿ, ಖಾಸಗಿಯದ್ದಾಗಲಿ, ಮನರಂಜನೆಗಾಗಿ ಕಟ್ಟಿದ್ದೇ ಆಗಲಿ, ಆ ಕಾಯ್ದೆಯ ಪ್ರಕಾರ ಅದು ಸಾರ್ವಜನಿಕ ಕಟ್ಟಡವೇ. ವಿಕಲಚೇತನರು ಎಲ್ಲರಂತೆ ಮನರಂಜನೆಯಲ್ಲಿ ಭಾಗವಹಿಸುವ ಹಕ್ಕನ್ನೂ ಅದು ಹೆಸರಿಸಿ ಹೇಳುತ್ತದೆ. ಇಂಥ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಳಿಜಾರು ದಾರಿಯ ಲೆಕ್ಕವನ್ನೇ ನೋಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕು. ಎರಡು ಮೆಟ್ಟಿಲ ಮೇಲೆ ಒಂದು ಕಬ್ಬಿಣದ ಹಲಗೆ ಒರಗಿಸಿ ‘ರ‍್ಯಾಂಪ್ ಇದೆ’ ಅನ್ನುವವರಿಗೆ ಈ ಲೆಕ್ಕ ಹೇಳಿ. ಅಂಥ ಹಲಗೆಯ ಮೇಲೆ ಕುರ್ಚಿ ತಳ್ಳಿದರೆ ತಳ್ಳುವವರ ಬೆನ್ನೂ ಹೋಗುತ್ತದೆ, ಕೂತವರ ಜೀವವೂ ಬಾಯಿಗೆ ಬರುತ್ತದೆ.

ಮನಸ್ಸು ಮಾಡಿದರೆ ನಮ್ಮವರಿಗೂ ಆಗುತ್ತದೆ. ಚೆನ್ನೈನ ಮರೀನಾ ಬೀಚ್‌ನಲ್ಲಿ ವೀಲ್‌ಚೇರ್‌ನವರೂ ಅಲೆಯ ಹತ್ತಿರ ಹೋಗಲೆಂದು 2022ರ ನವೆಂಬರ್‌ನಲ್ಲಿ ಮರಳಿನ ಮೇಲೆ ಮರದ ಹಾದಿ ಹಾಕಿದರು. ಮುಂದಿನ ತಿಂಗಳೇ ಬಂದ ಮಾಂಡೌಸ್ ಚಂಡಮಾರುತಕ್ಕೆ ಅದು ಹಾಳಾಯಿತು. ಆಮೇಲೆ ಮತ್ತೆ ದುರಸ್ತಿ ಮಾಡಿದರು. ಹುಟ್ಟಿದ ಊರಿನ ಸಮುದ್ರವನ್ನು ದೂರದಿಂದಷ್ಟೇ ನೋಡಿದ್ದವರಿಗೆ ಅಲೆಯ ತನಕ ಹೋಗುವ ದಾರಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ನಮ್ಮ ಪಾರ್ಕ್‌ಗಳಿಂದ ನಾವು ಕೇಳಬೇಕಾದ್ದು ಆಕಾಶವನ್ನಲ್ಲ. ಪ್ರತಿ ರೈಡ್‌ನ ಮುಂದೆ ಎಷ್ಟು ಮೆಟ್ಟಿಲಿದೆ, ಯಾರು ಹತ್ತಬಹುದು ಎಂದು ಕನ್ನಡದಲ್ಲಿ ಬರೆದ ಒಂದು ಬೋರ್ಡ್. ಟಿಕೆಟ್ ಜೊತೆಗೆ ಕೊಡುವ ನಕ್ಷೆಯಲ್ಲಿ ಅದೇ ಮಾಹಿತಿ. ಕ್ಯೂ ಉದ್ದಕ್ಕೂ ಅಲ್ಲಲ್ಲಿ ಕೂರಲು ಜಾಗ. ಕಂಬಿ ಇರುವ, ಸಾಮಾನು ತುಂಬಿಸಿ ಬೀಗ ಹಾಕದ ಟಾಯ್ಲೆಟ್. ಇಲ್ಲದಿದ್ದರೆ ಹೊರಡುವಾಗ ದೂರಿನ ಪುಸ್ತಕ ಕೇಳಿ ಬರೆಯಿರಿ. ಚೆನ್ನಾಗಿ ನೋಡಿಕೊಂಡಿದ್ದರೆ ಅದನ್ನೂ ಬರೆಯಿರಿ, ಸಹಾಯ ಮಾಡಿದ ಹುಡುಗನ ಹೆಸರು ಸಮೇತ. ಕಾನೂನಿನ ಹಕ್ಕೇ ತಪ್ಪಿತು ಅನ್ನಿಸಿದರೆ ರಾಜ್ಯದಲ್ಲಿ ವಿಕಲಚೇತನರಿಗಾಗಿಯೇ ಇರುವ ಆಯುಕ್ತರ ಕಚೇರಿಗೆ ಬರೆಯಬಹುದು. ಹತ್ತು ಜನ ಗೃಹಿಣಿಯರು ಬರೆದರೆ ಯಾವ ಮ್ಯಾನೇಜರ್ ಸುಮ್ಮನಿರುತ್ತಾನೆ? ಮನೆಯ ಪ್ರವಾಸ ಎಲ್ಲಿಗೆ ಎಂದು ತೀರ್ಮಾನಿಸುವವರು ನಾವೇ ತಾನೇ!

ಈ ಬೋರ್ಡು, ಈ ಕಂಬಿ, ಈ ಇಳಿಜಾರು ಬರೀ ಅತ್ತೆಗಾಗಿ ಅಂದುಕೊಳ್ಳಬೇಡಿ. ಮಗು ಎತ್ತಿಕೊಂಡ ತಾಯಿಗೂ ಅದು ಬೇಕು, ಕಾಲು ಉಳುಕಿಸಿಕೊಂಡ ಹುಡುಗನಿಗೂ ಬೇಕು, ಇನ್ನು ಹತ್ತು ವರ್ಷಕ್ಕೆ ನಮಗೇ ಬೇಕು. ಈ ಸಲ ರಜೆಗೆ ಹೊರಡುವಾಗ ಮನೆಯಲ್ಲಿ ಯಾರಾದರೂ ‘ನೀವು ಹೋಗ್ಬನ್ನಿ’ ಅಂದರೆ ‘ಸರಿ’ ಅಂದು ಬಾಗಿಲು ಎಳೆದುಕೊಳ್ಳುವ ಮುಂಚೆ ಒಂದು ನಿಮಿಷ ನಿಂತು ಕೇಳಿ: ‘ಯಾಕೆ?’ ಆ ಮಾತು ನಿಮ್ಮ ಬಾಯಿಂದಲೇ ಬಂದಿದ್ದರೆ, ನಿಮ್ಮನ್ನೇ ಕೇಳಿಕೊಳ್ಳಿ.